ಕರೆಂಟು ಹೋದ ಮೇಲೆ ಬರುವ ಊರುಗಳು

ಕಾಚಿಗುಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕರೆಂಟು ಹೋದರೆ ಖುಷಿಪಡುವವಳು ನಾನೊಬ್ಬಳೇ. ಮೇ ತಿಂಗಳ ಸಂಜೆ ಧೂಳು ಎದ್ದು, ನಾಲ್ಕು ಹನಿ ಬಿದ್ದು, ಎಲ್ಲೋ ಬೇವಿನ ಕೊಂಬೆ ತಂತಿಗೆ ತಾಗಿ ಇಡೀ ಗಲ್ಲಿ ಕತ್ತಲಾಗುತ್ತದೆ. ಕೆಳಗಿನ ಮನೆಯವರು ಬಾಲ್ಕನಿಗೆ ಬಂದು ಬಯ್ಯಲು ಶುರು ಮಾಡುವಷ್ಟರಲ್ಲಿ ನಾನು ಮೆಟ್ಟಿಲ ಮೇಲಿರುತ್ತೇನೆ. ಕಂಕುಳಲ್ಲಿ ರೇಡಿಯೋ, ಕೈಯಲ್ಲಿ ಟಾರ್ಚು, ಸೆರಗಿಗೆ ಸಿಕ್ಕಿಸಿದ ಪೆನ್ನು. ಮೊಣಕಾಲು ನೋವಿನ ಅರವತ್ತೇಳು ವರ್ಷದ ರಿಟೈರ್ಡ್ ಟೀಚರು ಕತ್ತಲಲ್ಲಿ ಟೆರೇಸಿಗೆ ಓಡುವುದನ್ನು ವಾಚ್‌ಮನ್ ಮೊದಮೊದಲು ಬೇರೆ ರೀತಿ ತಿಳಿದಿದ್ದ. ಈಗ ಅವನೇ ಬೀಗದ ಕೈ ಕೊಡುತ್ತಾನೆ. ಗುಡುಗು ಪೂರ್ತಿ ದೂರ ಹೋಗುವವರೆಗೆ ಮೆಟ್ಟಿಲ ಬಾಗಿಲಲ್ಲೇ ನಿಲ್ಲುತ್ತೇನೆ, ಅಷ್ಟು ಬುದ್ಧಿ ಇದೆ.

ಕರೆಂಟಿಗೂ ರೇಡಿಯೋಕ್ಕೂ ಏನು ಸಂಬಂಧ, ರೇಡಿಯೋ ಸೆಲ್ಲಿನ ಮೇಲೆ ನಡೆಯುತ್ತದಲ್ಲ ಎನ್ನಬಹುದು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ವೈಫೈ ಡಬ್ಬಿ, ಲಿಫ್ಟಿನ ಮೋಟಾರು ಎಲ್ಲವೂ ತಮ್ಮ ಪಾಡಿಗೆ ತಾವು ರೇಡಿಯೋ ಅಲೆಗಳನ್ನು ಸೋರಿಸುತ್ತಿರುತ್ತವೆ. ಊರಿನಲ್ಲಿ ಶಾರ್ಟ್‌ವೇವ್ ಹಚ್ಚಿದರೆ ಈಗ ಮೊದಲು ಕೇಳುವುದು ಈ ಸಾಮಾನುಗಳ ಗೊಣಗಾಟವೇ. ಒಂದೊಂದರದು ಒಂದೊಂದು ರಾಗ. ಎದುರು ಮನೆಯ ಮೀನಿನ ತೊಟ್ಟಿಯ ದೀಪ ಜೀರುಂಡೆಯ ಹಾಗೆ, ಮೂರನೇ ಮಹಡಿಯ ಚಾರ್ಜರು ಹಿಟ್ಟಿನ ಗಿರಣಿಯ ಹಾಗೆ. ಅವೆಲ್ಲ ಒಮ್ಮೆಲೇ ಬಾಯಿ ಮುಚ್ಚಿದ ಗಳಿಗೆಯಲ್ಲಿ ಡಯಲ್ಲಿನ ಉದ್ದಕ್ಕೂ ಊರುಗಳು ಏಳುತ್ತವೆ. ಚೀನಿ ಹೆಂಗಸಿನ ಸಣ್ಣ ದನಿಯ ಹಾಡು, ಅರಬ್ಬಿಯಲ್ಲಿ ಕುರಾನ್ ಪಠಣ, ಕೊರಿಯನ್ ವಾರ್ತೆ. ಇನ್ವರ್ಟರ್ ಇರುವ ಒಂದೆರಡು ಮನೆಗಳ ಗುಂಯ್‌ಗುಡುವಿಕೆ ಉಳಿದಿರುತ್ತದೆ, ಇರಲಿ.

ದೂರದ ನಿಲಯಗಳನ್ನು ಹುಡುಕಿ ಕೇಳುವ ಈ ಹವ್ಯಾಸಕ್ಕೆ ಡಿಎಕ್ಸಿಂಗ್ ಎನ್ನುತ್ತಾರೆ. ಹಳೆಯ ತಂತಿ ಸಂಕೇತದ ಮಂದಿ ದೂರ ಎನ್ನುವುದಕ್ಕೆ ಬಳಸುತ್ತಿದ್ದ ಎರಡಕ್ಷರ ಅದು. ಹ್ಯಾಮ್ ರೇಡಿಯೋ ಬೇರೆ, ಇದು ಬೇರೆ. ಹ್ಯಾಮ್‌ನವರು ಮಾತಾಡುತ್ತಾರೆ, ಅದಕ್ಕೆ ಪರೀಕ್ಷೆ ಕಟ್ಟಬೇಕು, ಸರ್ಕಾರದ ಲೈಸೆನ್ಸು ಬೇಕು. ನಮ್ಮೂರ ರಾಜಭವನ ರಸ್ತೆಯಲ್ಲಿ, ಸೋಮಾಜಿಗುಡದಲ್ಲಿ, ಅವರಿಗಾಗಿಯೇ 1983ರಲ್ಲಿ ಶುರುವಾದ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆ ಇದೆ. ಅಲ್ಲಿಯ ಭಾರತಿ ಪ್ರಸಾದ್ ಅವರ ತಂಡ 2004ರ ಡಿಸೆಂಬರಿನಲ್ಲಿ ಅಂಡಮಾನಿನಿಂದ ಜಗತ್ತಿನ ಹ್ಯಾಮ್‌ಗಳ ಜೊತೆ ಮಾತಾಡಲೆಂದು ಪೋರ್ಟ್ ಬ್ಲೇರಿಗೆ ಹೋಗಿತ್ತು. 26ರ ಬೆಳಿಗ್ಗೆ ಸುನಾಮಿ ಬಂತು. ಮೋಜಿಗೆ ಒಯ್ದಿದ್ದ ಉಪಕರಣ ದ್ವೀಪದ ಸುದ್ದಿಯನ್ನು ದಡಕ್ಕೆ ಮುಟ್ಟಿಸುವ ದಾರಿಯಾಯಿತು. ನನ್ನಂಥವರು ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ನಾವು ಬರೀ ಕೇಳುವವರು. ಕೇಳುವುದಕ್ಕೂ ಒಂದು ಕಾಲದಲ್ಲಿ ಲೈಸೆನ್ಸಿತ್ತು: ಪೋಸ್ಟ್ ಆಫೀಸಿನಲ್ಲಿ ವರ್ಷಕ್ಕೆ 15 ರೂಪಾಯಿ ಕಟ್ಟಿ ಪುಸ್ತಕದಲ್ಲಿ ಸ್ಟ್ಯಾಂಪು ಹಚ್ಚಿಸಿಕೊಂಡು ಬರಬೇಕಿತ್ತು. ಎಂಬತ್ತರ ದಶಕದಲ್ಲಿ ಅದು ಹೋಯಿತು.

ನನಗೆ ಈ ಹುಚ್ಚು ಹಿಡಿಸಿದವರು ಅಪ್ಪ. ಸೇಡಮಿನವರು, ನಿಜಾಮರ ಕಾಲದಲ್ಲಿ ಓದಲೆಂದು ಹೈದರಾಬಾದಿಗೆ ಬಂದವರು. 1956ರಲ್ಲಿ ರಾಜ್ಯ ಒಡೆದು ಸೇಡಂ, ಕಲಬುರ್ಗಿಯೆಲ್ಲ ಮೈಸೂರಿಗೆ ಸೇರಿದವು, ಅಪ್ಪನ ಕಚೇರಿ ಆಂಧ್ರಕ್ಕೆ ಸೇರಿತು. ಕಚೇರಿಯ ಹಿಂದೆ ಅಪ್ಪನೂ ಇಲ್ಲೇ ಉಳಿದರು. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ದಖನಿ ಉರ್ದು, ಕಿರಾಣಿ ಅಂಗಡಿಯಲ್ಲಿ ತೆಲುಗು. ಕನ್ನಡ ಪತ್ರಿಕೆ ರೈಲಿನಲ್ಲಿ ಬರುವಷ್ಟರಲ್ಲಿ ಹಳತಾಗಿರುತ್ತಿತ್ತು. ಅಂದಿನ ಕನ್ನಡ ಅಂದೇ ಬೇಕಿದ್ದರೆ ರೇಡಿಯೋವೇ ಗತಿ.

ರಾತ್ರಿ ಊಟವಾದ ಮೇಲೆ ಅಪ್ಪ ಫಿಲಿಪ್ಸ್ ಟ್ರಾನ್ಸಿಸ್ಟರನ್ನು ಅಂಗಳದ ಕಟ್ಟೆಯ ಮೇಲೆ ಇಟ್ಟು ತಿರುಗಿಸುತ್ತಿದ್ದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಹೈದರಾಬಾದು 738 ಕಿಲೋಹರ್ಟ್ಸ್, ಧಾರವಾಡ 765. ಡಯಲ್ಲಿನ ಮೇಲೆ ಅವೆರಡರ ನಡುವೆ ಅಕ್ಕಿಕಾಳಿನಷ್ಟು ಜಾಗ. ಊರಲ್ಲೇ ಇರುವ ಹೈದರಾಬಾದು ಗಂಟಲು ಹರಿದು ಕೂಗುತ್ತಿದ್ದರೆ, ನಾನೂರು ಕಿಲೋಮೀಟರಿಗೂ ಆಚೆಯ ಧಾರವಾಡ ಅದರ ಬಗಲಲ್ಲಿ ಪಿಸುಗುಡುತ್ತಿತ್ತು. ಟ್ರಾನ್ಸಿಸ್ಟರಿನ ಹೊಟ್ಟೆಯಲ್ಲಿ ಬೆರಳುದ್ದದ ಕಪ್ಪು ಫೆರೈಟ್ ಕಡ್ಡಿ ಇರುತ್ತದೆ, ಅದಕ್ಕೆ ಕೂದಲಿನಂಥ ತಾಮ್ರದ ತಂತಿ ಸುತ್ತಿರುತ್ತಾರೆ. ಮಧ್ಯಮ ತರಂಗಕ್ಕೆ ಅದೇ ಆಂಟೆನಾ. ಕಡ್ಡಿಯ ತುದಿ ಯಾವ ನಿಲಯದ ಕಡೆ ತಿರುಗುತ್ತದೋ ಆ ನಿಲಯ ಮಂಕಾಗುತ್ತದೆ, ಕಡ್ಡಿಯ ಮಗ್ಗುಲಿಗೆ ಬಿದ್ದ ನಿಲಯ ಜೋರಾಗುತ್ತದೆ. ಅಪ್ಪನಿಗೆ ಈ ಶಾಸ್ತ್ರವೇನೂ ಗೊತ್ತಿರಲಿಲ್ಲ. ಸಾಣಿಗೆ ಹಿಡಿದವರ ಹಾಗೆ ಎರಡೂ ಕೈಯಲ್ಲಿ ಸೆಟ್ಟು ಹಿಡಿದು ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ, ಆಮೇಲೆ ಕೂದಲೆಳೆಯಷ್ಟು ಹಿಂದಕ್ಕೆ. ನಾನು ಏನಾದರೂ ಕೇಳಲು ಬಾಯಿ ತೆರೆದರೆ, "ತಡಿಯವಾ, ಬರ್ಲತ್ತದ" ಅನ್ನುತ್ತಿದ್ದರು. ಹೈದರಾಬಾದು ತಗ್ಗಿ ಹೋಗಿ, ಅದರ ಅಡಿಯಿಂದ ಕನ್ನಡ ಮೇಲಕ್ಕೆ ಬರುತ್ತಿತ್ತು. ಕಟ್ಟೆಯ ಮೇಲೆ ಸೆಟ್ಟಿನ ಸರಿಯಾದ ಕೋನಕ್ಕೆ ಅಪ್ಪ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿದ್ದರು. ಅಮ್ಮ ಸಾರಿಸುವಾಗ ಅದೊಂದನ್ನು ಬಿಟ್ಟು ಸಾರಿಸಬೇಕು, ಇಲ್ಲದಿದ್ದರೆ ಜಗಳ.

1107ರ ಕಲಬುರ್ಗಿ ಹೆಚ್ಚುಕಡಿಮೆ ಇನ್ನೂರೇ ಕಿಲೋಮೀಟರು, ಹಗಲಲ್ಲೂ ಸೊರಗಿದ ದನಿಯಲ್ಲಿ ಬರುತ್ತಿತ್ತು. 612ರ ಬೆಂಗಳೂರು ಕತ್ತಲಾದ ಮೇಲೆ. ವಿಚಿತ್ರವೆಂದರೆ, ನನ್ನ ಹುಡುಗಿತನದಲ್ಲಿ ಯಾವ ತಕರಾರೂ ಇಲ್ಲದೆ ಸೀದಾ ಬರುತ್ತಿದ್ದ ಕನ್ನಡ ಇವು ಯಾವುವೂ ಅಲ್ಲ, ಅದು ಮಾಸ್ಕೋದ್ದು. ಸೋವಿಯತ್ ಕಾಲದಲ್ಲಿ ರೇಡಿಯೋ ಮಾಸ್ಕೋ ಹಿಂದಿ, ಉರ್ದು, ತೆಲುಗು, ತಮಿಳಿನ ಜೊತೆಗೆ ಕನ್ನಡದಲ್ಲೂ ಪ್ರಸಾರ ಮಾಡುತ್ತಿತ್ತು. ಟ್ರ್ಯಾಕ್ಟರು, ಸಾಮೂಹಿಕ ಬೇಸಾಯ, ಶಾಂತಿ ಸಮ್ಮೇಳನ, ನಡುವೆ ಒಂದು ಹಾಡು. ಸೇಡಮಿನ ಕನ್ನಡ ನಮಗೆ ಕೇಳುತ್ತಿರಲಿಲ್ಲ, ಮಾಸ್ಕೋದ ಕನ್ನಡ ಎದುರು ಕೂತು ಮಾತಾಡಿದಂತೆ ಕೇಳುತ್ತಿತ್ತು. ಅಪ್ಪನಿಗೆ ಇದು ದೊಡ್ಡ ತಮಾಷೆ. ನನಗೆ ಮಾತ್ರ ಯಾಕೆ ಹೀಗೆ ಎನ್ನುವುದು ತಲೆಯಲ್ಲಿ ಕೂತುಬಿಟ್ಟಿತು. ಮುಂದೆ ಭೂಗೋಳ ಕಲಿಸುವವಳಾಗಿದ್ದು ಬಹುಶಃ ಅದರಿಂದಲೇ.

ಉತ್ತರ ತಲೆಯ ಮೇಲಿದೆ. ನೆಲದಿಂದ 60ರಿಂದ 400 ಕಿಲೋಮೀಟರು ಎತ್ತರದವರೆಗೆ ಸೂರ್ಯನ ಬಿಸಿಲು ಗಾಳಿಯ ಕಣಗಳನ್ನು ಒಡೆದು ವಿದ್ಯುತ್ ತುಂಬಿದ ಪದರಗಳನ್ನು ಮಾಡಿಟ್ಟಿದೆ. ಅದೇ ಅಯಾನುಗೋಳ. 3ರಿಂದ 30 ಮೆಗಾಹರ್ಟ್ಸ್ ವರೆಗಿನ ಶಾರ್ಟ್‌ವೇವ್ ಅಲೆ ಓರೆಯಾಗಿ ಮೇಲೇರಿದರೆ ಅಲ್ಲಿ ಬಾಗಿ ನೆಲಕ್ಕೆ ಮರಳುತ್ತದೆ, ನೆಲಕ್ಕೆ ತಾಗಿ ಮತ್ತೆ ಏರುತ್ತದೆ. ಕೆರೆಯ ಮೇಲೆ ಹುಡುಗರು ಚಪ್ಪಟೆ ಕಲ್ಲು ಎಸೆದಾಗ ಅದು ಕುಪ್ಪಳಿಸುತ್ತಾ ಹೋಗುತ್ತದಲ್ಲ, ಹಾಗೆ. ಮೊದಲ ಕುಪ್ಪಳಿಕೆಯೇ ಸಾವಿರಾರು ಕಿಲೋಮೀಟರು ಇರಬಹುದು. ಕಲ್ಲು ಕೈಬಿಟ್ಟ ಜಾಗಕ್ಕೂ ಅದು ಮೊದಲು ನೀರು ಮುಟ್ಟಿದ ಜಾಗಕ್ಕೂ ನಡುವಿನ ನೀರಿಗೆ ಕಲ್ಲಿನ ಸುದ್ದಿಯೇ ಇಲ್ಲ. ರೇಡಿಯೋದಲ್ಲೂ ಅಂಥ ಮೌನದ ಪಟ್ಟಿ ಇದೆ. ಹತ್ತಿರದವರಿಗೆ ಕೇಳಿಸದು, ದೂರದವರಿಗೆ ಕೇಳಿಸುತ್ತದೆ. ಮಾಸ್ಕೋ ಎಂದು ಹೇಳಿಕೊಳ್ಳುತ್ತಿದ್ದ ಎಷ್ಟೋ ಪ್ರಸಾರಗಳ ಯಂತ್ರಗಳು ಮಧ್ಯ ಏಷ್ಯಾದಲ್ಲಿದ್ದವು ಎಂದು ಆಮೇಲೆ ತಿಳಿಯಿತು. ನಮ್ಮ ಅಂಗಳ ಆ ಕಲ್ಲು ನೀರು ಮುಟ್ಟುವ ಜಾಗದಲ್ಲಿ ಬಿದ್ದಿತ್ತು, ಅಷ್ಟೇ.

ಹಗಲು ಕೆಳಗಿನ ಪದರ ಒಂದು ಕಂಬಳಿಯಂತೆ ಕಡಿಮೆ ಆವರ್ತನದ ಅಲೆಗಳನ್ನು ಹೀರಿಕೊಂಡುಬಿಡುತ್ತದೆ. ಕತ್ತಲಾದರೆ ಕಂಬಳಿ ಹೋಗುತ್ತದೆ, ಮೇಲಿನ ಪದರ ಉಳಿಯುತ್ತದೆ. ಬೆಂಗಳೂರು ರಾತ್ರಿಯೇ ಬರುತ್ತಿದ್ದದ್ದು ಅದಕ್ಕೆ. ಹಗಲಿಗೆ 16, 19 ಮೀಟರ್, ರಾತ್ರಿಗೆ 31, 41, 49 ಮೀಟರ್ ಎಂದು ಕೇಳುಗರು ಬ್ಯಾಂಡು ಬದಲಿಸುವುದೂ ಅದಕ್ಕೇ. ಇದರ ಮೇಲೆ ಸೂರ್ಯನ 11 ವರ್ಷದ ಚಕ್ರ ಬೇರೆ. ಅವನ ಮೇಲೆ ಕಲೆಗಳು ಹೆಚ್ಚಿದ ವರ್ಷ ದೂರದ ಊರುಗಳಿಗೆ ದಾರಿ ಚೆನ್ನ. ಆದರೆ ಸೂರ್ಯ ಕೆರಳಿದರೆ ಎಲ್ಲ ಬಂದ್. 2024ರ ಮೇ 10, 11ರ ಸುಮಾರಿಗೆ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದ ಫೋಟೋ ಎಲ್ಲರ ಮೊಬೈಲಿಗೂ ಬಂದಿತ್ತಲ್ಲ, ಆ ಸೌರ ಬಿರುಗಾಳಿಯ ದಿನಗಳಲ್ಲಿ ನನ್ನ ರೇಡಿಯೋ ಖಾಲಿ ಕೊಡದಂತಿತ್ತು. ಸೆಟ್ಟು ಕೆಟ್ಟಿತೆಂದು ನಾನು ಸೆಲ್ಲು ಬದಲಿಸಿ, ಅದೂ ಸಾಲದೆ ಬೆನ್ನ ಮೇಲೆ ಎರಡು ಏಟು ಬಿಗಿದಿದ್ದೆ.

ಹೈದರಾಬಾದಿಗೂ ಈ ಆಟದಲ್ಲಿ ಒಂದು ಹೆಸರಿತ್ತು. ಇಲ್ಲಿಯ ಡೆಕ್ಕನ್ ರೇಡಿಯೋ ಗಾಳಿಗೇರಿದ್ದು 1935ರ ಫೆಬ್ರವರಿ 3ರಂದು, 200 ವ್ಯಾಟಿನಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 30 ವ್ಯಾಟಿನ ಯಂತ್ರವನ್ನು ತಮ್ಮ ಮನೆಯಲ್ಲೇ ಹೂಡಿದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಅಲ್ಲಿಂದ. 30 ವ್ಯಾಟೆಂದರೆ ಹಳೆಯ ಒಂದು ಟ್ಯೂಬ್‌ಲೈಟಿಗಿಂತ ಕಡಿಮೆ ಕರೆಂಟು! ಡೆಕ್ಕನ್ ರೇಡಿಯೋ 1950ರ ಏಪ್ರಿಲ್ 1ರಂದು ಭಾರತ ಸರ್ಕಾರದ ಕೈಗೆ ಬಂತು. ಮುಂದೆ ಆಕಾಶವಾಣಿ ಹೈದರಾಬಾದಿನ ಶಾರ್ಟ್‌ವೇವ್ ಪ್ರಸಾರ 4800 ಕಿಲೋಹರ್ಟ್ಸ್‌ನಲ್ಲಿ, ಎಂದರೆ 62.5 ಮೀಟರಿನಲ್ಲಿ, 50 ಕಿಲೋವ್ಯಾಟಿನೊಂದಿಗೆ ನಡೆಯುತ್ತಿತ್ತು. ಉಷ್ಣವಲಯದ ಮಿಂಚು ಮಧ್ಯಮ ತರಂಗವನ್ನು ಹಾಳುಗೆಡವುತ್ತದೆ ಎಂದು ನಮ್ಮಂಥ ದೇಶಗಳಿಗೆ ಬಿಟ್ಟುಕೊಟ್ಟ ಪಟ್ಟಿ ಅದು. ಅಲೆಯನ್ನು ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಕಳಿಸಿದರೆ ಛತ್ರಿಯ ಹಾಗೆ ಇಡೀ ರಾಜ್ಯದ ಮೇಲೆ ಇಳಿಯುತ್ತದೆ. 4840 ಮುಂಬೈ, 4880 ಲಖನೌ, 4920 ಚೆನ್ನೈ, 5010 ತಿರುವನಂತಪುರ. ಡಯಲ್ಲಿನ ಅರ್ಧ ಇಂಚಿನಲ್ಲಿ ಭಾರತದ ರೈಲ್ವೆ ಟೈಂಟೇಬಲ್ಲು. ಫಿನ್ಲೆಂಡ್, ಸ್ವೀಡನ್ನಿನ ಕೇಳುಗರು ಚಳಿಗಾಲದಲ್ಲಿ ಈ ಪಟ್ಟಿಗೆ ಕಿವಿಯಾನಿಸಿ ಕೂರುತ್ತಿದ್ದರು. ರೈತರಿಗಾಗಿ ಹೇಳಿದ ಶೇಂಗಾದ ರೋಗದ ಮಾತು ಹಿಮದಲ್ಲಿ ಯಾರಿಗೋ ಕೇಳಿಸಿ, ಅವರು ಅದನ್ನು ನಿಧಿಯಂತೆ ಬರೆದಿಟ್ಟುಕೊಳ್ಳುತ್ತಿದ್ದರು. 4800ರಲ್ಲಿ ಈಗ ಹೈದರಾಬಾದಿಲ್ಲ.

ನನ್ನ ಜೀವನದ ದೊಡ್ಡ ಬೇಸ್ತೂ ಇದೇ ದೂರ-ಹತ್ತಿರದ ಲೆಕ್ಕದಲ್ಲೇ ಆದದ್ದು. ತೊಂಬತ್ತರ ದಶಕ, ದುಬೈಯಿಂದ ಅಳಿಯ ತಂದುಕೊಟ್ಟ ಸೋನಿ ಸೆಟ್ಟು ಹೊಸದು. ಒಂದು ರಾತ್ರಿ ಒಂಬತ್ತರ ಹೊತ್ತಿಗೆ ಸ್ವಾಹಿಲಿ ಸಿಕ್ಕಿತು. ಭಾಷೆ ಬರುವುದಿಲ್ಲ, ಆದರೆ 'ಹಬಾರಿ' ಎನ್ನುವ ಪದ ನಮ್ಮ 'ಖಬರ್' ಇದ್ದ ಹಾಗೇ ಇದೆ, ಹಿಡಿದೆ. ಆಫ್ರಿಕಾ! ದನಿ ಅಲೆಅಲೆಯಾಗಿ ಏರಿಳಿಯುತ್ತಿತ್ತು, ಸಮುದ್ರ ದಾಟಿ ಬಂದ ಲಕ್ಷಣವೇ. ನೈರೋಬಿಯೋ ದಾರ್ ಎಸ್ ಸಲಾಮೋ ಎಂದು ಎದೆ ಹೊಡೆದುಕೊಳ್ಳುತ್ತಾ ನಿಮಿಷ ನಿಮಿಷವೂ ಬರೆದುಕೊಂಡೆ. ನಡುವೆ ರಫಿಯ ಹಾಡು ಬಂತು. ಪೂರ್ವ ಆಫ್ರಿಕಾದಲ್ಲಿ ನಮ್ಮ ಗುಜರಾತಿಗಳು ಎಷ್ಟಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಎರಡನೇ ಹಾಡೂ ಹಿಂದಿಯದೇ. ಕೊನೆಗೆ ಸ್ವಾಹಿಲಿಯ ನಡುವೆ ಮೂರು ಇಂಗ್ಲಿಷ್ ಪದ ಬಿದ್ದವು: ಆಲ್ ಇಂಡಿಯಾ ರೇಡಿಯೋ. ಪೂರ್ವ ಆಫ್ರಿಕಾದವರಿಗೆಂದು ಆಕಾಶವಾಣಿಯ ವಿದೇಶ ಸೇವೆ ನಡೆಸುತ್ತಿದ್ದ ಪ್ರಸಾರ. ಯಲಹಂಕದ ಆಚೆ ದೊಡ್ಡಬಳ್ಳಾಪುರ ರಸ್ತೆಯಲ್ಲಿ 500 ಕಿಲೋವ್ಯಾಟಿನ ಆರು ದೈತ್ಯ ಪ್ರಸಾರಕಗಳನ್ನು ನಿಲ್ಲಿಸಿದ್ದು ಇಂಥ ಸೇವೆಗಳಿಗಾಗಿಯೇ. ಆ ಕಂಬಗಳ ಬುಡದಲ್ಲಿ ದ್ರಾಕ್ಷಿ ಬೆಳೆಯುವವನಿಗೆ ತಾನು ಯಾವ ಖಂಡಕ್ಕೆ ನೆರೆಯವನು ಎಂಬುದು ಗೊತ್ತಿರುತ್ತದೋ ಇಲ್ಲವೋ. ಅಂದಿನ ಪುಟಕ್ಕೆ ಅಡ್ಡಗೆರೆ ಎಳೆಯಲು ಮನಸ್ಸಾಗದೆ ಹಾಗೇ ಇಟ್ಟಿದ್ದೇನೆ.

ಗುರುತು ಸಿಗುವುದೇ ಈ ಹವ್ಯಾಸದ ಜೀವಾಳ. ಗಂಟೆ ತುಂಬುವ ಹೊತ್ತಿಗೆ ನಿಲಯ ತನ್ನ ಹೆಸರು ಹೇಳುತ್ತದೆ; ಅದಕ್ಕೂ ಮೊದಲು ತನ್ನ ಗುರುತಿನ ನಾದ ಹಾಕುತ್ತದೆ. ಆಕಾಶವಾಣಿಯ ಬೆಳಗಿನ ಪಿಟೀಲು-ತಂಬೂರಿಯ ನಾದ ಯಾರಿಗೆ ಗೊತ್ತಿಲ್ಲ. ಅದನ್ನು ಕಟ್ಟಿದವನು ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು ಮುಂಬೈಗೆ ಬಂದ ವಾಲ್ಟರ್ ಕೌಫ್‌ಮನ್ ಎನ್ನುವ ಯಹೂದಿ. ರೇಡಿಯೋ ಆಸ್ಟ್ರೇಲಿಯಾ ಕೂಕಬುರ್ರಾ ಎಂಬ ಹಕ್ಕಿಯ ನಗುವನ್ನು ಹಾಕುತ್ತಿತ್ತು. ಆ ನಗು ಕೇಳಿದರೆ ನಮ್ಮ ಬೆಕ್ಕು ಮಂಚದ ಕೆಳಗೆ ಹೋಗುತ್ತಿತ್ತು. ಗುರುತು ಹಿಡಿದ ಮೇಲೆ ನಿಲಯಕ್ಕೆ ವರದಿ ಬರೆಯಬೇಕು: ದಿನಾಂಕ, ತರಂಗಾಂತರ, ಗ್ರೀನ್‌ವಿಚ್ ಲೆಕ್ಕದ ಸಮಯ. ನಮ್ಮ ರಾತ್ರಿ 8 ಎಂದರೆ ಅವರ ಪುಸ್ತಕದಲ್ಲಿ 1430. ಜೊತೆಗೆ ಸಿನ್ಪೋ ಎಂಬ ಐದಂಕಿಯ ಅಂಕಪಟ್ಟಿ. ದನಿಯ ಬಲ, ಪಕ್ಕದ ನಿಲಯದ ಕಾಟ, ಗದ್ದಲ, ಏರಿಳಿತ, ಒಟ್ಟಾರೆ. ಒಂದೊಂದಕ್ಕೂ ಐದರಲ್ಲಿ ಇಷ್ಟು. 55555 ಎಂದರೆ ಪಕ್ಕದ ಮನೆಯಿಂದ ಕೇಳಿದಂತೆ. ನನ್ನವು ಹೆಚ್ಚಿನವು 33433. ಟೀಚರಾದ್ದರಿಂದ ಅಂಕ ಕೊಡುವುದರಲ್ಲಿ ಕೈ ಬಿಗಿ. ಕೇಳಿದ್ದೇವೆ ಎನ್ನುವುದಕ್ಕೆ ಕಾರ್ಯಕ್ರಮದ ವಿವರವನ್ನೂ ಬರೆಯಬೇಕು, ಸುಳ್ಳು ನಡೆಯುವುದಿಲ್ಲ. ವರದಿ ಸರಿಯಿದ್ದರೆ ಅವರು ಕ್ಯೂಎಸ್‌ಎಲ್ ಎಂಬ ಚಿತ್ರದ ಕಾರ್ಡು ಕಳಿಸುತ್ತಾರೆ. ನನ್ನವೆಲ್ಲ ಉಸ್ಮಾನಿಯಾ ಬಿಸ್ಕತ್ತಿನ ಎರಡು ಡಬ್ಬಿಗಳಲ್ಲಿವೆ. ಏಳನೇ ಕ್ಲಾಸಿಗೆ ಭೂಗೋಳ ತೆಗೆದುಕೊಳ್ಳುವ ದಿನ ಒಂದು ಡಬ್ಬಿ ಒಯ್ಯುತ್ತಿದ್ದೆ. ಮಕ್ಕಳು ಮೊದಲು ಕಾರ್ಡು ಮೂಸಿ, ಬಿಸ್ಕತ್ತಿನ ವಾಸನೆ ಎಂದು ನಕ್ಕು, ಆಮೇಲೆ ನಕಾಶೆಯಲ್ಲಿ ಊರು ಹುಡುಕುತ್ತಿದ್ದರು.

ಡಬ್ಬಿಯಲ್ಲಿರುವ ನಿಲಯಗಳಲ್ಲಿ ಎಷ್ಟೋ ಈಗ ಗಾಳಿಯಲ್ಲಿಲ್ಲ. ಕೂಕಬುರ್ರಾದ ಶಾರ್ಟ್‌ವೇವ್ 2017ರ ಜನವರಿ 31ಕ್ಕೆ ನಿಂತಿತು. ಬಿಬಿಸಿ ಹಿಂದಿಯದು 2020ರ ಜನವರಿ 31ಕ್ಕೆ. ಒಂದು ಪ್ರಸಾರಕ ತಿನ್ನುವ ಕರೆಂಟಿನ ಬಿಲ್ಲು ನೋಡಿದರೆ ಮುಚ್ಚಿದವರನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ಮೊಬೈಲಿನಲ್ಲಿ ಎಲ್ಲವೂ ಸ್ಫಟಿಕದಷ್ಟು ಸ್ಪಷ್ಟ ಸಿಗುವಾಗ ಈ ಕರಕರ ಯಾರಿಗೆ ಬೇಕು ಎಂದು ಮಗಳೂ ಕೇಳುತ್ತಾಳೆ. ಆದರೆ ಮೊಬೈಲಿನ ದಾರಿಯಲ್ಲಿ ನಡುವೆ ನೂರು ಕೈಗಳಿವೆ, ಯಾರು ಬೇಕಾದರೂ ನಲ್ಲಿ ತಿರುಗಿಸಬಹುದು. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ರಷ್ಯಾದ ಪೂರ್ಣ ದಾಳಿ ಶುರುವಾದ ಮೇಲೆ, ಮಾರ್ಚಿನಲ್ಲಿ, ಅದೇ ಬಿಬಿಸಿ ಅಲ್ಲಿಯವರಿಗಾಗಿ ದಿನಕ್ಕೆ ನಾಲ್ಕು ಗಂಟೆಯ ಶಾರ್ಟ್‌ವೇವ್ ಪ್ರಸಾರವನ್ನು ಮತ್ತೆ ಹೂಡಿತು. ಆ ಸುದ್ದಿ ಓದಿದ ದಿನ ನಾನೂ ಹುಡುಕಿದೆ, ಮೂರನೇ ದಿನ ಸಿಕ್ಕಿತು, 24332.

ನೀವೂ ಶುರು ಮಾಡುವುದಾದರೆ ದೊಡ್ಡ ಖರ್ಚಿಲ್ಲ. ಅಟ್ಟದ ಮೇಲೆ ಹಳೆಯ ಸೆಟ್ಟಿದ್ದರೆ ಇಳಿಸಿ, ಎಸ್‌ಡಬ್ಲ್ಯು ಎಂದು ಬರೆದಿದೆಯೋ ನೋಡಿ. ಸೆಲ್ಲು ಒಳಗೇ ಸೋರಿ ಹಸಿರು ಕಟ್ಟಿದ್ದರೆ ನಿಂಬೆರಸ ಹಚ್ಚಿ ಉಜ್ಜಿ, ಒಣಗಿಸಿ. ಹೊಸದು ಬೇಕಿದ್ದರೆ ಟೆಕ್ಸನ್ನಿನಂಥ ಚೀನಾದ ಕೈಯಗಲದ ಸೆಟ್ಟುಗಳು ಬರುತ್ತವೆ, ಅಂಕಿ ಒತ್ತಿದರೆ ನಿಲಯ. ಆಂಟೆನಾಕ್ಕೆ ಹತ್ತು ಮೀಟರು ತಂತಿ ಸಾಕು, ಕೋಠಿಯ ಗುಜರಾತಿ ಗಲ್ಲಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಅದೇ ಗಲ್ಲಿಯಲ್ಲಿ ನನ್ನ ಸೋನಿಯನ್ನು ರಿಪೇರಿಗೆ ಕೊಟ್ಟು, ಮನೆಗೆ ತಂದ ಮೇಲೆ ಎರಡು ಸ್ಕ್ರೂ ಉಳಿದು ಒಂದು ಬ್ಯಾಂಡು ಕಳೆದುಹೋದದ್ದು ನನ್ನ ಹಣೆಬರಹ. ತಂತಿಯನ್ನು ಕರೆಂಟಿನ ಲೈನಿನಿಂದ ದೂರ ಕಟ್ಟಿ. ನಾನು ನೀರಿನ ಟ್ಯಾಂಕಿನಿಂದ ಡಿಶ್ ಕಂಬಕ್ಕೆ ಕಟ್ಟಿದ್ದೇನೆ. ಸಂಕ್ರಾಂತಿಗೆ ಈ ಊರಿನ ಆಕಾಶವೆಲ್ಲ ಗಾಳಿಪಟ, ಪ್ರತಿವರ್ಷ ಒಂದಾದರೂ ಮಾಂಜಾ ನನ್ನ ತಂತಿಗೆ ಸಿಕ್ಕಿಕೊಳ್ಳುತ್ತದೆ. ಎದುರು ಟೆರೇಸಿನ ಹುಡುಗ "ಆಂಟೀ, ನಿಮ್ಮ ತಂತಿ ನನ್ನ ಪಟ ಹಿಡಿದದೆ" ಎಂದು ಕೂಗುತ್ತಾನೆ. ಒಮ್ಮೆ ಪಟ ಬಿಡಿಸಿಕೊಳ್ಳಲು ಬಂದವನ ಕಿವಿಗೆ ಇಯರ್‌ಫೋನ್ ಹಾಕಿದೆ. ಐದು ನಿಮಿಷ ಕೇಳಿ, "ಇದು ಎಲ್ಲಿಂದ?" ಅಂದ. ಗೊತ್ತಿಲ್ಲ ಅಂದೆ. "ಗೊತ್ತಿಲ್ಲದ್ದನ್ನ ಕೇಳ್ತೀರಾ?" ಅಂದ. ಮಾರನೇ ದಿನ ಪಟವಿಲ್ಲದೆ ಬಂದ.

ಈ ಮೇ ತಿಂಗಳ ಕರೆಂಟು ಹೋದ ಒಂದು ಸಂಜೆಗೆ ಬರುತ್ತೇನೆ. ಮಿಂಚು ವಿಕಾರಾಬಾದಿನ ಕಡೆಗೆ ಸರಿದಿತ್ತು. ಒಂದೊಂದು ಸಲ ಬೆಳಕು ಕಂಡಾಗಲೂ ರೇಡಿಯೋದಲ್ಲಿ ಚುರುಕ್ ಎಂದು ಒಗ್ಗರಣೆ ಹಾಕಿದ ಸದ್ದು. 49 ಮೀಟರಿನಲ್ಲಿ ಒಬ್ಬ ಮುದುಕ ಹಾಡುತ್ತಿದ್ದ, ಜೊತೆಗೆ ಒಂದೇ ತಂತಿಯ ವಾದ್ಯ. ಏಕನಾದ ಎನ್ನೋಣವೆಂದರೆ ಅದಲ್ಲ. ನಡುನಡುವೆ ಹೆಂಗಸೊಬ್ಬಳು ಏನೋ ಹೇಳುತ್ತಿದ್ದಳು, ಮಂಗೋಲಿಯನ್ನೋ ಉಯ್ಗುರೋ ಟಿಬೆಟನ್ನೋ. ಗಡಿಯಾರ ನೋಡಿದೆ, 8 ಗಂಟೆ 28 ನಿಮಿಷ. ನಮ್ಮ ಎಂಟೂವರೆ ಎಂದರೆ ಗ್ರೀನ್‌ವಿಚ್ ಲೆಕ್ಕದಲ್ಲಿ ಗಂಟೆ ತುಂಬುವ ಹೊತ್ತು, ಹೆಸರು ಹೇಳಿಯಾರು. ತಂತಿಯ ತುದಿಯನ್ನು ಬೆರಳಲ್ಲಿ ಹಿಡಿದು ಉಸಿರು ಬಿಗಿಹಿಡಿದು ನಿಂತೆ. ಹಾಡು ಮುಗಿಯಿತು, ಒಂದು ಗಂಟೆಯ ಸದ್ದಾಯಿತು, ಹೆಂಗಸು ಮಾತು ಶುರು ಮಾಡಿದಳು. ಅಷ್ಟರಲ್ಲಿ ಕೆಳಗೆ ಮಕ್ಕಳೆಲ್ಲ ಒಟ್ಟಿಗೆ 'ಹೋ' ಎಂದು ಕೂಗಿದರು. ಗಲ್ಲಿಯ ದೀಪಗಳು ಸಾಲಾಗಿ ಹತ್ತಿಕೊಂಡವು. ಮೀನಿನ ತೊಟ್ಟಿಯ ಜೀರುಂಡೆ, ಮೂರನೇ ಮಹಡಿಯ ಗಿರಣಿ, ಲಿಫ್ಟು ಎಲ್ಲವೂ ಒಮ್ಮೆಲೇ ಬಂದವು. ಇನ್ನೂ ಐದು ನಿಮಿಷ ಕಿವಿಗೊಟ್ಟೆ. ಪುಸ್ತಕ ತೆಗೆದು, 1500, 49 ಮೀಟರ್, ಮುದುಕನ ಹಾಡು, 23332, ಗುರುತು ಸಿಗಲಿಲ್ಲ ಎಂದು ಬರೆದು, ಟಾರ್ಚು ಆರಿಸಿ ಕೆಳಗಿಳಿದೆ. ಒಲೆಯ ಮೇಲೆ ಬೇಳೆ ಹಾಗೇ ಬಿಟ್ಟು ಬಂದಿದ್ದೆ.